ಪಿಎಚ್‌ಡಿ ಮುಗೀತು, ಇವರಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು

ಶುಕ್ರವಾರ ವೈವಾ ಆಯಿತು, ಪಾಸಾದೆ. ಆವತ್ತಿನಿಂದ ಫೋನ್ ಬರುತ್ತಲೇ ಇದೆ. ಒಬ್ಬೊಬ್ಬರಿಗೂ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾದಾಪುರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ನೀನು ಓದ್ತಿರೋದು ಏನು?" ಅಂತ ಕೇಳಿದ್ದೀರಿ. ಸುಮ್ನೆ ಮಾತಿಗೆ ಕೇಳಿದ್ದಲ್ಲ, ನಿಂತು ಪೂರ್ತಿ ಕೇಳಿಸಿಕೊಂಡಿದ್ದೀರಿ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಪೊಟ್ಯಾಸಿಯಂ-ರುಬಿಡಿಯಂ ಥರದ ಅಣುವಿನ ಒಂದು ತುದಿ ಸ್ವಲ್ಪ ಪ್ಲಸ್, ಇನ್ನೊಂದು ತುದಿ ಸ್ವಲ್ಪ ಮೈನಸ್. ಇಂಥ ಅಣುಗಳನ್ನು ವಿಪರೀತ ತಣ್ಣಗೆ ಮಾಡಿ ಲೇಸರ್ ಬೆಳಕಿನ ಜಾಲರಿಯಲ್ಲಿ ಒಂದೊಂದು ಜಾಗಕ್ಕೆ ಒಂದೊಂದರಂತೆ ನಿಲ್ಲಿಸಿದರೆ, ಮುಟ್ಟದೆಯೇ ಒಂದರ ಪ್ರಭಾವ ಇನ್ನೊಂದಕ್ಕೆ ತಟ್ಟುತ್ತದೆ. ಒಂದು ಅಣು ತಿರುಗುತ್ತಿದ್ದು ಪಕ್ಕದ್ದು ತಿರುಗದೇ ಇದ್ದರೆ, ಸ್ವಲ್ಪ ಹೊತ್ತಿಗೆ ಆ ತಿರುಗಾಟ ಪಕ್ಕದ್ದಕ್ಕೆ ಹೋಗಿರುತ್ತದೆ. ಅಣು ಮಾತ್ರ ನಿಂತಲ್ಲೇ ಇರುತ್ತದೆ! ಅಮೆರಿಕದ ಜಿಲಾ ಪ್ರಯೋಗಾಲಯದವರು 2013ರಲ್ಲಿ ಇದನ್ನು ತೋರಿಸಿದರು. ನಾನಿದನ್ನು ವಿವರಿಸಿದಾಗ ಚಿಕ್ಕಪ್ಪ, "ಪರಿಹಾರ ಕೇಂದ್ರದಲ್ಲಿ ನಾವು ಸಾಲಾಗಿ ನಿಂತು ಅಕ್ಕಿ ಮೂಟೆ ದಾಟಿಸಿದ ಹಾಗೆ ಅಲ್ವಾ?" ಅಂದರು. ವೈವಾದಲ್ಲೂ ಅದನ್ನೇ ಹೇಳಿದೆ ಚಿಕ್ಕಪ್ಪ, ಎಲ್ಲರಿಗೂ ಇಷ್ಟವಾಯಿತು.

ಆದರೆ ಜಾಲರಿಯಲ್ಲಿ ಎಲ್ಲ ಜಾಗವೂ ತುಂಬಿರುವುದಿಲ್ಲ, ನಡುನಡುವೆ ಖಾಲಿ. ಆಗ ತಿರುಗಾಟ ಎಲ್ಲಿಯವರೆಗೆ ಹರಡುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದೇ ನನ್ನ ಲೆಕ್ಕ. ಒಂದೊಂದು ಅಣುವಿಗೆ ಎರಡೇ ಸ್ಥಿತಿ ಅಂದುಕೊಂಡರೂ 30 ಅಣುಗಳಿಗೆ 107 ಕೋಟಿ ಜೋಡಣೆಗಳು. 40 ಆದರೆ ಒಂದು ಲಕ್ಷ ಕೋಟಿ ದಾಟುತ್ತದೆ, ದೊಡ್ಡ ಕಂಪ್ಯೂಟರ್‌ಗಳೂ ಏದುಸಿರು ಬಿಡುತ್ತವೆ. ಅದಕ್ಕೇ ಉತ್ತರವನ್ನು ಅಣುಗಳ ಕೈಯಲ್ಲೇ ಹೇಳಿಸುವ ಈ ಪ್ರಯೋಗಗಳು ಅಂದರೆ ನನಗೆ ಇಷ್ಟು ಆಸೆ.

ಅದೇ ಜಿಲಾದ ಭೌತವಿಜ್ಞಾನಿ ಡೆಬೊರಾ ಜಿನ್ ಅವರನ್ನು ನಾನು ನೋಡಿಲ್ಲ. ಅವರೂ ಅಲ್ಲಿನ ಇನ್ನೊಬ್ಬ ವಿಜ್ಞಾನಿ ಜುನ್ ಯೇ ಅವರೂ ತಮ್ಮ ತಂಡದ ಜೊತೆ 2008ರಲ್ಲಿ ಈ ಅಣುಗಳನ್ನು ಪರಮ ಶೂನ್ಯಕ್ಕಿಂತ (ಅದಕ್ಕಿಂತ ಕೆಳಗೆ ತಣ್ಣಗಾಗಲು ಸಾಧ್ಯವೇ ಇಲ್ಲದ ಉಷ್ಣತೆ) ಒಂದು ಡಿಗ್ರಿಯ ಕೋಟಿಯಲ್ಲಿ ಮೂರ್ನಾಲ್ಕು ಪಾಲು ಮಾತ್ರ ಮೇಲಿರುವಷ್ಟು ತಣ್ಣಗೆ ಮಾಡಿದರು. ಜಿನ್ 2016ರಲ್ಲಿ ತೀರಿಕೊಂಡರು. ನನ್ನ ಪ್ರಬಂಧದ ಪ್ರತಿ ಅಧ್ಯಾಯಕ್ಕೂ ಅವರ ಋಣ ಇದೆ.

ಇನ್ನು ಮನೆಯವರು. 2018ರ ಆಗಸ್ಟ್‌ನಲ್ಲಿ ಮನೆ ಹಿಂದಿನ ಬರೆ ಜರಿದು ಒಳ್ಳೆ ಕಾಫಿ ಗಿಡಗಳಿದ್ದ ಜಾಗವೇ ಹೋಯಿತು. ಆ ವರ್ಷ ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆ ಅಂದಿದ್ದೆ. ಅಮ್ಮ ಒಪ್ಪಲೇ ಇಲ್ಲ. ಹಾಸ್ಟೆಲ್ ದುಡ್ಡನ್ನು ದೊಡ್ಡಮ್ಮ ಕಟ್ಟಿದರು, ಇವತ್ತಿನವರೆಗೂ ವಾಪಸ್ ಕೇಳಿಲ್ಲ. ಅಪ್ಪ ಆ ಮಳೆಯಲ್ಲೂ ಬೆಳಗ್ಗೆ ಅಂಗಳಕ್ಕಿಳಿದು ಮಳೆಮಾಪಕದ ನೀರು ಅಳೆದು, ಇಂಚು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಿದ್ದರು. ಪೆನ್ನು ಒದ್ದೆಯಾಗಿ ಮೂಡದಿದ್ದರೆ ಪೆನ್ಸಿಲ್. ಅಂದಾಜಿಗೆ ಒಂದು ಸಂಖ್ಯೆ ಬರೆದದ್ದನ್ನು ನಾನು ನೋಡಿಲ್ಲ. ನನ್ನ ಲೆಕ್ಕದಲ್ಲಿ ಏನಾದರೂ ಅಚ್ಚುಕಟ್ಟು ಇದ್ದರೆ ಅದು ಅಪ್ಪನದ್ದು.

ನಮ್ಮ ಗೈಡ್‌ಗೆ ಎಷ್ಟು ಹೇಳಿದರೂ ಕಡಿಮೆಯೇ. ಡಿಕ್ಕಿ ಹೊಡೆದುಕೊಂಡು ಕಳೆದುಹೋಗುವ ಅಣುಗಳನ್ನು ಮೈಕ್ರೋವೇವ್ ಬಳಸಿ ಒಂದರಿಂದ ಒಂದನ್ನು ದೂರ ಇಡುವ ದಾರಿ ಹಿಡಿದು, ಕೊಲಂಬಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಸೋಡಿಯಂ-ಸೀಸಿಯಂ ಅಣುಗಳ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ (ವಿಪರೀತ ತಣ್ಣಗಾದ ಅಣುಗಳೆಲ್ಲ ಸೇರಿ ಒಂದೇ ಅಲೆಯಂತೆ ನಡೆದುಕೊಳ್ಳುವ ಸ್ಥಿತಿ) ಪಡೆದ ಸುದ್ದಿ ಬಂದಾಗ, ಗೈಡ್ ನನ್ನನ್ನು ಕೂರಿಸಿಕೊಂಡು ಸಂಜೆಯವರೆಗೆ ಆ ಪೇಪರ್ ಓದಿಸಿದರು. ನನ್ನ ಕೊನೆ ಅಧ್ಯಾಯ ಹುಟ್ಟಿದ್ದೇ ಅಲ್ಲಿ. ನಾನು ಊರಲ್ಲಿದ್ದಾಗ ನನ್ನ ಪ್ರೋಗ್ರಾಂ ಓಡಿಸಿಕೊಟ್ಟ ಲ್ಯಾಬಿನ ಗೆಳತಿಯರಿಗೂ, ಸುರಿಯುವ ಮಳೆಯಲ್ಲಿ ಕಂಬ ಹತ್ತಿ ಕರೆಂಟ್ ಕೊಟ್ಟ ಲೈನ್‌ಮನ್ ಅಣ್ಣನಿಗೂ ತುಂಬಾ ಥ್ಯಾಂಕ್ಸ್.

ಬರುವ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟ ಇದೆ, ಎಲ್ಲರೂ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಅವರು ಏನು ಕೇಳಿದರೂ ಕೂತು ಹೇಳುತ್ತೇನೆ.