ಶೆಡ್ಡಿನ ಲೆಕ್ಕ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತು ಅಂದರೆ ಮುಂಬಯಿ, ಠಾಣೆ, ಡೊಂಬಿವಲಿಯ ಹಳೇ ಕಟ್ಟಡಗಳ ಟೆರೇಸ್ ಮೇಲೆ ಪತ್ರಾ, ಅಂದರೆ ತಗಡಿನ ಶೀಟ್ ಹೊದಿಸಿದ ಶೆಡ್ ಏಳುತ್ತವೆ. ಸ್ಲ್ಯಾಬ್ ಸೋರುವಾಗ ಬೇರೆ ದಾರಿಯಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಪತ್ರಾ ಹೊರುವ ಕಬ್ಬಿಣದ ಟ್ರಸ್ಸಿನ ಬಗ್ಗೆ, ಅಂದರೆ ಪೈಪುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟಿನ ಬಗ್ಗೆ. ಈ ಸಲ ನಮ್ಮ ಹೌಸಿಂಗ್ ಸೊಸೈಟಿಗೆ ಬಂದ ಕೊಟೇಶನ್‌ನಲ್ಲಿ ಚದರಡಿ ರೇಟ್ ಇತ್ತು, ಬಣ್ಣದ ಹೆಸರೂ ಇತ್ತು, ಯಾವ ಪೈಪಿನ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ಒಂದು ಸಾಲೂ ಇರಲಿಲ್ಲ. ಕೇಳಿದರೆ "ಎಲ್ಲ ಕಡೆ ಇದೇ ಸೈಜ್ ಹಾಕ್ತೀವಿ" ಎಂಬ ಉತ್ತರ.

ಈ ಲೆಕ್ಕ ಬ್ರಹ್ಮವಿದ್ಯೆಯೇನಲ್ಲ, ಡಿಪ್ಲೊಮಾ ಹುಡುಗರೂ ಮಾಡುತ್ತಾರೆ. ಒಂದೊಂದು ಜಾಯಿಂಟನ್ನೂ ಬಿಡಿಯಾಗಿ ನೋಡಬೇಕು. ಅಲ್ಲಿ ಸೇರುವ ಬಲಗಳು ಅಡ್ಡಕ್ಕೂ ಸರಿದೂಗಬೇಕು, ಮೇಲೆ ಕೆಳಗೂ ಸರಿದೂಗಬೇಕು. ಸರಳ ತ್ರಿಕೋನ ತೆಗೆದುಕೊಳ್ಳಿ: ಎರಡು ಇಳಿಜಾರು ಪೈಪು, ಕೆಳಗೆ ಅವನ್ನು ಹಿಡಿದಿಡುವ ಒಂದು ಅಡ್ಡ ಪೈಪು, ನೆತ್ತಿಯಲ್ಲಿ 1000 ಕೆಜಿ ಭಾರ. ಎರಡು ಬದಿಯ ಕಂಬಕ್ಕೂ ತಲಾ 500. ಇಳಿಜಾರು 30 ಡಿಗ್ರಿ ಇದ್ದರೆ 500ನ್ನು ಸೈನ್ 30ರಿಂದ, ಅಂದರೆ 0.5ರಿಂದ ಭಾಗಿಸಿ. ಇಳಿಜಾರು ಪೈಪು ಒಂದೊಂದರಲ್ಲೂ 1000 ಕೆಜಿ ಒತ್ತಡ, ಅಡ್ಡ ಪೈಪಿನಲ್ಲಿ 866 ಕೆಜಿ ಎಳೆತ. ಈಗ ಎತ್ತರ ಜಾಸ್ತಿ ಬೇಡ ಅಂತ ಇಳಿಜಾರನ್ನು 15 ಡಿಗ್ರಿಗೆ ತನ್ನಿ, ಭಾರ ಅಷ್ಟೇ ಇರಲಿ. ಒತ್ತಡ 1932ಕ್ಕೆ ಏರುತ್ತದೆ, ಎಳೆತ 1866ಕ್ಕೆ. ಹೆಚ್ಚುಕಮ್ಮಿ ಎರಡು ಪಟ್ಟು! ಪೈಪು ಮಾತ್ರ "ಇದೇ ಸೈಜ್". ಹೇಗೆ ಸರಿಹೋಗುತ್ತದೆ ಹೇಳಿ?

ಒತ್ತಡ ಹೊರುವ ಪೈಪಿಗೆ ಇನ್ನೊಂದು ಕಾಟವಿದೆ. ಅದು ಮುರಿಯುವ ಮೊದಲೇ ಬಾಗಿ ಕೈಕೊಡುತ್ತದೆ. ತೆಳ್ಳಗಿನ ಪೈಪು ನಡುವೆ ಆಸರೆಯಿಲ್ಲದೆ ಎರಡರಷ್ಟು ಉದ್ದವಾದರೆ ತಡೆಯುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಎಳೆತದ ಪೈಪಿಗೆ ಈ ಭಯವಿಲ್ಲ, ಅದಕ್ಕೇ ಅದನ್ನು ತೆಳ್ಳಗೆ ಹಾಕುತ್ತಾರೆ. ಆದರೆ ಬದಿ ತೆರೆದ ಶೆಡ್ಡಿಗೆ ಜೋರು ಗಾಳಿ ನುಗ್ಗಿ, ಶೆಡ್ಡಿನ ತೂಕಕ್ಕಿಂತ ಜಾಸ್ತಿ ಬಲದಿಂದ ಪತ್ರಾವನ್ನು ಮೇಲಕ್ಕೆ ಎತ್ತಿತು ಅನ್ನಿ, ಆಗ ಎಲ್ಲ ಅದಲುಬದಲು. ಆ ತೆಳ್ಳಗಿನ ಪೈಪೇ ಒತ್ತಡಕ್ಕೆ ಸಿಗುತ್ತದೆ. ಶೆಡ್ ಕಟ್ಟುವ ಫ್ಯಾಬ್ರಿಕೇಟರ್‌ಗಳು ನೋಡದೆ ಬಿಡುವುದು ಇದನ್ನೇ.

ಗಾಳಿಯ ವೇಗ ಎರಡರಷ್ಟಾದರೆ ಅದರ ಬಲ ನಾಲ್ಕು ಪಟ್ಟು. 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಗಾಳಿಗೆ ಬಿದ್ದ ಹೋರ್ಡಿಂಗ್ (ಜಾಹೀರಾತು ಫಲಕ) ಪಾಲಿಕೆ ಹೇಳಿದ ಪ್ರಕಾರ 120 ಅಡಿಗೆ 120 ಅಡಿ ಇತ್ತು, ಪಾಲಿಕೆಯ ಮಿತಿ 40ಕ್ಕೆ 40 ಇತ್ತು. ಅಂದರೆ ಗಾಳಿಗೆ ಸಿಗುವ ಮೈ ಒಂಬತ್ತು ಪಟ್ಟು. 17 ಜನ ಸತ್ತರು. ನಮ್ಮ ಶೆಡ್ ಅಷ್ಟು ದೊಡ್ಡದಲ್ಲ ನಿಜ, ಆದರೆ ಏಳನೇ ಮಹಡಿಯಿಂದ ಒಂದು ಪತ್ರಾ ಹಾರಿ ರಸ್ತೆಗೆ ಬಿದ್ದರೂ ಸಾಕಲ್ವಾ?

ಸೊಸೈಟಿ ಕಮಿಟಿಗಳಲ್ಲಿ ನಮ್ಮ ಕನ್ನಡದವರು ಎಷ್ಟೋ ಜನ ಇದ್ದಾರೆ. ಅವರಲ್ಲಿ ನನ್ನ ವಿನಂತಿ: ಸುಮ್ನೆ ರೇಟ್ ಚೌಕಾಸಿ ಮಾಡಿ ಸಹಿ ಹಾಕಬೇಡಿ. ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಮಾಡಿದ ಹಾಳೆ ಕೇಳಿ. ಅದರಲ್ಲಿ ಪ್ರತಿ ಪೈಪಿನ ಮುಂದೆ ಎರಡು ಸಂಖ್ಯೆ ಇರಬೇಕು, ಭಾರ ಕೆಳಗೆ ಒತ್ತಿದಾಗ ಎಷ್ಟು, ಗಾಳಿ ಮೇಲಕ್ಕೆ ಎತ್ತಿದಾಗ ಎಷ್ಟು. ಕಂಬದ ಬುಡದ ಬೋಲ್ಟಿಗೂ ಅದೇ ಲೆಕ್ಕ. ಎರಡನೇ ಸಂಖ್ಯೆ ಬರೆದಿಲ್ಲ ಅಂದರೆ ಹಾಳೆ ವಾಪಸ್ ಕಳಿಸಿ.

ಇಂತಿ,
ನಿವೃತ್ತ ಇಂಜಿನಿಯರ್ ಓದುಗ, ಡೊಂಬಿವಲಿ ಪೂರ್ವ