ಆ ಕೋಟು ಇನ್ನೂ ಇದೆಯಾ, ಸೀನ?

ಸೀನ,

ಹೇಗಿದ್ದೀಯ? ಇಲ್ಲಿ ಮಳೆ ನಿಂತಿದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಮತ್ತೆ ಜನ ಜಾಸ್ತಿ. ನಮ್ಮ ಬೆಂಚಿನ ಮೇಲೆ ಈಗ ಯಾರೋ ಇಬ್ಬರು ಹುಡುಗರು ದಿನಾ ಕೂರುತ್ತಾರೆ. ಅವರಿಗೂ ನಮ್ಮ ಹಾಗೆ ಒಂದು ‘ಮೂರನೇ ಇಡ್ಲಿ’ ತಮಾಷೆ ಇದ್ದೇ ಇರುತ್ತೆ ಬಿಡು.

ಹೋದ ಭಾನುವಾರ ಮಂಡ್ಯಕ್ಕೆ ಹೋಗಿದ್ದೆ. ಅಕ್ಕ ಫೋನ್ ಮಾಡಿ ಕರೆಸಿಕೊಂಡಿದ್ದಳು. ಅವಳ ಮಗನಿಗೆ ಈಗ 16. ಮೊದಲ ವರ್ಷದ ಪಿಯುಸಿ. ಉಗುರಿಗೆ ಕಪ್ಪು ಬಣ್ಣ ಹಚ್ಚಿಕೊಂಡಿದ್ದಾನೆ. ಇಬ್ಬರು ತೂರಬಹುದಾದಷ್ಟು ದೊಗಳೆ ಪ್ಯಾಂಟು, ಸೊಂಟಕ್ಕೊಂದು ಸರಪಳಿ. ಭಾವ ಮೂರು ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದರು. “ನೀನು ಹೇಳಿದ್ರೆ ಕೇಳ್ತಾನೆ ಕಣೋ, ಸ್ವಲ್ಪ ಬುದ್ಧಿ ಹೇಳು” ಅಂದಳು ಅಕ್ಕ.

ಊಟಕ್ಕೆ ಕೂತೆವು. ಮುದ್ದೆ, ಉಪ್ಸಾರು. ಅವನು ನನ್ನ ಎದುರಿಗಿದ್ದ. ನನ್ನ ಕಣ್ಣೆಲ್ಲ ಅವನ ಕೈ ಮೇಲೆ. ಎಡಗೈ ಉಗುರಿಗೆ ಬಣ್ಣ ನೀಟಾಗಿ ಕೂತಿತ್ತು. ಬಲಗೈಗೆ ಎಡಗೈಯಲ್ಲಿ ಹಚ್ಚಿಕೊಂಡಿದ್ದಾನೆ, ಅಂಚು ಮೀರಿ ಚರ್ಮಕ್ಕೆಲ್ಲ ಮೆತ್ತಿತ್ತು. ಹೆಬ್ಬೆರಳಿನದು ಆಗಲೇ ಅರ್ಧ ಎದ್ದುಹೋಗಿತ್ತು. ಅದೇ ಕೈಯಲ್ಲಿ ಮುದ್ದೆ ಮುರಿದು, ಉರುಟಿ, ಖಾರಕ್ಕೆ ತಾಗಿಸಿ, ಸಾರಿನಲ್ಲಿ ಅದ್ದಿ ನುಂಗಿದ. ನಮ್ಮ ತಾತ ನುಂಗುತ್ತಿದ್ದ ಹಾಗೇ. ನನಗೆ ಬೈಯಬೇಕು ಅಂತಲೇ ಅನ್ನಿಸಲಿಲ್ಲ. ಆದರೂ ಬಂದಿದ್ದೇ ಅದಕ್ಕಲ್ವಾ, ಊಟ ಆದಮೇಲೆ ಜಗಲಿ ಮೇಲೆ ಕೂರಿಸಿಕೊಂಡು ಶುರು ಮಾಡಿದೆ.

ಅವನಿಗೆ ಒಂದು ನಿಜವಾದ ಕಥೆ ಹೇಳಿದೆ. ಅಮೆರಿಕದಲ್ಲಿ ಜೊನಾಥನ್ ಟೂಬುಲ್ ಅಂತ ಒಬ್ಬ ಗಣಿತಜ್ಞರಿದ್ದಾರೆ. ಎಲ್ಲರಿಗಿಂತ ಬೇರೆ ಕಾಣಬೇಕು ಅಂತ ಹೊರಟವರು ಕೊನೆಗೆ ಒಂದೇ ಥರ ಯಾಕೆ ಆಗುತ್ತಾರೆ ಅಂತ ಅವರು ಲೆಕ್ಕ ಹಾಕಿದರು. ಬೇರೆಯವರು ಏನು ಹಾಕುತ್ತಿದ್ದಾರೆ ಅಂತ ನಮಗೆ ಗೊತ್ತಾಗೋಕೆ ಸ್ವಲ್ಪ ಸಮಯ ಹಿಡಿಯುತ್ತೆ. ಗೊತ್ತಾಗಿ ನಾವು ಅದರ ಉಲ್ಟಾ ತಿರುಗುವ ಹೊತ್ತಿಗೆ ಮಿಕ್ಕವರೂ ಅದೇ ಕಡೆ ತಿರುಗಿರುತ್ತಾರೆ. 2019ರಲ್ಲಿ ಎಂಐಟಿ ಎಂಬ ವಿಶ್ವವಿದ್ಯಾಲಯದ ಪತ್ರಿಕೆಯೊಂದು ಇದರ ಬಗ್ಗೆ ಬರೆದು, ಗಡ್ಡ ಬಿಟ್ಟು ಉಣ್ಣೆ ಟೋಪಿ ಹಾಕಿದ ಒಬ್ಬನ ಫೋಟೋ ಹಾಕಿತು. ಓದುಗನೊಬ್ಬ ಸಿಟ್ಟಾಗಿ ಕಾಗದ ಬರೆದ: ನನ್ನನ್ನು ಕೇಳದೆ ನನ್ನ ಫೋಟೋ ಹೇಗೆ ಹಾಕಿದಿರಿ ಅಂತ. ವಿಚಾರಿಸಿದರೆ ಆ ಫೋಟೋ ಬೇರೆ ಯಾರದೋ! ಅವನಿಗೆ ತನ್ನ ಗುರುತೇ ತನಗೆ ಸಿಕ್ಕಿರಲಿಲ್ಲ.

“ನೋಡಿದ್ಯಾ? ಸುಮ್ನೆ ನಾಲ್ಕು ಜನರ ಥರ ಇರಬಾರದಾ?” ಅಂದೆ.

ಹುಡುಗ ಪೂರ್ತಿ ಕೇಳಿಸಿಕೊಂಡ. ಆಮೇಲೆ ಫೋನು ತೆಗೆದು ಒಂದು ಫೋಟೋ ತೋರಿಸಿದ. ಸರ್ ಎಂ.ವಿ. ಸ್ಟೇಡಿಯಂ ಹತ್ತಿರ ತೆಗೆದಿದ್ದು. ಅವನೂ ಸೇರಿ ಮೂರು ಹುಡುಗರು, ಒಬ್ಬಳು ಹುಡುಗಿ. ನಾಲ್ಕೂ ಜನ ಕೈ ಎತ್ತಿ ಕಪ್ಪು ಉಗುರು ತೋರಿಸುತ್ತಿದ್ದಾರೆ. ಬಣ್ಣದ ಬಾಟಲಿ ಆ ಹುಡುಗಿಯದಂತೆ.

“ನಾನೂ ನಾಲ್ಕು ಜನರ ಥರಾನೇ ಇದೀನಿ ಮಾವ. ಆ ನಾಲ್ಕು ಜನ ಬೇರೆ, ಅಷ್ಟೆ.”

ಆಮೇಲೆ ಅವನೇ ನನಗೆ ಪಾಠ ಹೇಳಿದ. ಟೋಕಿಯೊದಲ್ಲಿ ಹರಾಜುಕು ಅಂತ ಒಂದು ಜಾಗ. ಅಲ್ಲಿ ಭಾನುವಾರ ರಸ್ತೆಗೆ ವಾಹನ ಬಿಡುತ್ತಿರಲಿಲ್ಲವಂತೆ. ಹುಡುಗ ಹುಡುಗಿಯರು ತಮಗೆ ಬೇಕಾದ ಹಾಗೆ ಬಟ್ಟೆ ಹಾಕಿಕೊಂಡು ಬಂದು ಸೇರುತ್ತಿದ್ದರು. 1997ರಲ್ಲಿ ಶೋಇಚಿ ಆವೊಕಿ ಎಂಬ ಫೋಟೋಗ್ರಾಫರ್ ಅವರಿಗೋಸ್ಕರವೇ ಒಂದು ಪತ್ರಿಕೆ ತೆಗೆದರು. ಮಾರನೇ ವರ್ಷ ರಸ್ತೆ ಮತ್ತೆ ವಾಹನಗಳಿಗೆ ಹೋಯಿತು. ಫೋಟೋ ತೆಗೆಯುವಂಥ ಹುಡುಗರೇ ಈಗ ಕಾಣುತ್ತಿಲ್ಲ ಅಂತ ಅವರು 2017ರಲ್ಲಿ ಪತ್ರಿಕೆಯನ್ನೇ ನಿಲ್ಲಿಸಿದರು. “ಸೇರೋಕೆ ಒಂದು ಜಾಗ ಬೇಕು ಮಾವ. ಒಬ್ಬನೇ ಆದ್ರೆ ಎಲ್ಲರೂ ನಗ್ತಾರೆ” ಅಂದ.

ಅಲ್ಲಿಂದ ಮೈಸೂರಿಗೆ ಬರುವವರೆಗೂ ಆ ಮಾತು ನನ್ನನ್ನು ಬಿಡಲಿಲ್ಲ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಸ್ಸು ಬರುವಾಗ ನಿನ್ನ ಕೋಟು ಕಣ್ಣ ಮುಂದೆ ಬಂತು.

2002. ನಿಮ್ಮ ತಾತ ಕಚೇರಿಗೆ ಹಾಕಿಕೊಂಡು ಹೋಗುತ್ತಿದ್ದ ಕ್ಲೋಸ್ ಕಾಲರಿನ ಕಪ್ಪು ಕೋಟು. ನುಸಿಗುಳಿಗೆ ವಾಸನೆ. ಎಡ ಎದೆ ಮೇಲೆ ಸಾಲಾಗಿ 13 ಪಿನ್ನು, ಎಲ್ಲವೂ ನಿಮ್ಮಮ್ಮನ ಬಳೆಯಿಂದ ಬಿಚ್ಚಿಕೊಂಡಿದ್ದು. ಸೈಬರ್ ಸೆಂಟರಿನಲ್ಲಿ ಹರಿದ ಬಟ್ಟೆಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದ ಲಂಡನ್ನಿನ ಪಂಕ್ ಹುಡುಗರ ಚಿತ್ರ ನೋಡಿದ್ದೆ ಅಂದಿದ್ದೆ ನೀನು. 1970ರ ದಶಕದಲ್ಲಿ ಕಿಂಗ್ಸ್ ರೋಡಿನ 430ನೇ ನಂಬರಿನ ಬಟ್ಟೆ ಅಂಗಡಿ, ಅದನ್ನು ನಡೆಸುತ್ತಿದ್ದ ವಿವಿಯನ್ ವೆಸ್ಟ್‌ವುಡ್, ಮಾಲ್ಕಮ್ ಮೆಕ್ಲಾರೆನ್, ಎಲ್ಲ ನಿನಗೆ ಬಾಯಿಪಾಠ. ನನಗೆ ನಿನ್ನಿಂದಲೇ ಗೊತ್ತಾಗಿದ್ದು. ಅದೇ ಪಿನ್ನಿಗೆ ಮಣಿ ಪೋಣಿಸಿ ಜಾಂಡ್ರಾ ರೋಡ್ಸ್ ಎಂಬ ಡಿಸೈನರ್ 1977ರಲ್ಲೇ ದುಬಾರಿ ಉಡುಪು ಮಾಡಿದರು ಅಂತಲೂ ನೀನು ಸಿಟ್ಟಿನಿಂದ ಹೇಳಿದ್ದೆ. ನನಗೆ ಆ ಕೋಟು ಎಷ್ಟು ಇಷ್ಟ ಆಗಿತ್ತು ಗೊತ್ತಾ? ಮನೆಯಲ್ಲಿ ಒಬ್ಬನೇ ಇದ್ದಾಗ ಅಮ್ಮನ ಪಿನ್ನು ತೆಗೆದು ನನ್ನ ಅಂಗಿಗೂ ಹಾಕಿ ನೋಡಿಕೊಂಡಿದ್ದೆ. ಬಾಗಿಲ ಸದ್ದಾದ ತಕ್ಷಣ ಬಿಚ್ಚಿದೆ.

ದೇವರಾಜ ಅರಸು ರಸ್ತೆಯಲ್ಲಿ ಒಂದು ಸಂಜೆ ನೀನು ಎದುರಿಗೆ ಬಂದೆ. ನನ್ನ ಜೊತೆ ಕ್ಲಾಸಿನ ಐದಾರು ಜನ ಇದ್ದರು. ನೀನು ಕೈ ಎತ್ತಿದೆ. ನಾನು ಚಪ್ಪಲಿ ಅಂಗಡಿಯೊಳಗೆ ಹೋಗಿ, ನೀನು ದಾಟಿ ಹೋಗುವವರೆಗೂ ಬೆಲೆ ಕೇಳುತ್ತಾ ನಿಂತೆ. “ಅವತ್ತು ನನ್ನನ್ನ ನೋಡಲಿಲ್ವಾ?” ಅಂತ ಆಮೇಲೆ ಕೇಳಿದೆ ನೀನು. ಇಲ್ಲ ಅಂದೆ. ನೋಡಿದ್ದೆ ಸೀನ.

ಇಷ್ಟು ಬರೆದು ನಿಲ್ಲಿಸೋಣ ಅಂದುಕೊಂಡಿದ್ದೆ. ಆಗುತ್ತಿಲ್ಲ. ನಿನ್ನನ್ನು ಕಾಲೇಜಿಡೀ ‘ಬೆರ್ಚಪ್ಪ’ ಅಂತ ಕರೆಯಿತಲ್ಲ, ಆ ಹೆಸರಿಟ್ಟವನು ನಾನು. ಆ ಅಂಗಡಿಯಿಂದ ಆಚೆ ಬಂದಾಗ, ಅವರು ನಗುತ್ತಿದ್ದಾಗ, ನನ್ನ ಬಾಯಿಂದಲೇ ಬಂತು. ನೀನು ಇವತ್ತಿಗೂ ಅದು ಬೇರೆಯವನ ಕೆಲಸ ಅಂತ ತಿಳಿದಿದ್ದೀಯ. ವಾರದಲ್ಲೇ ನೀನು ಕೋಟು ಹಾಕೋದು ನಿಲ್ಲಿಸಿದೆ. ಕೆಲವು ವರ್ಷ ಆದಮೇಲೆ ಹರಿದ ಜೀನ್ಸ್ ಎಲ್ಲರೂ ಹಾಕುವಂತಾಯಿತು. ಅದೇ ರಸ್ತೆಯಲ್ಲಿ ನಾನೂ ಒಂದು ಕೊಂಡೆ.

ಅಕ್ಕನ ಮಗನಿಗೆ ಮೂರು ಜನ ಸಿಕ್ಕಿದ್ದಾರೆ. ನಿನಗೆ ಒಬ್ಬ ಸಾಕಾಗಿತ್ತು. ಆ ಒಬ್ಬ ನಾನಾಗಬಹುದಿತ್ತು, ಮನಸ್ಸಿನಲ್ಲಿ ಆಗಲೇ ಆಗಿದ್ದೆ ಕೂಡ. ರಸ್ತೆಯಲ್ಲಿ ಮಾತ್ರ ಆಗಲಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹೆಸರಿಟ್ಟಿದ್ದು ಎಲ್ಲರ ಎದುರಿಗೆ. ಇದನ್ನೂ ಎಲ್ಲರ ಎದುರಿಗೇ ಹೇಳಬೇಕು ಅನ್ನಿಸಿತು. ನಮ್ಮ ಕ್ಲಾಸಿನವರೂ ಓದಲಿ. ಕ್ಷಮಿಸು ಮಗಾ.

ಸರಿ, ಬೇರೆ ಮಾತಾಡೋಣ. ಭಾವನ ಮಾತು ಮತ್ತೆ ಶುರುವಾಗಿದೆ, ಸದ್ಯಕ್ಕೆ “ಊಟ ಆಯ್ತಾ” ಅನ್ನುವಷ್ಟು. ನಿನ್ನ ಕೋಟಿನ ಕಥೆ ಹುಡುಗನಿಗೆ ಫೋನಿನಲ್ಲಿ ಹೇಳಿದೆ. ನೋಡಲೇಬೇಕು ಅಂತ ಹಟ ಹಿಡಿದಿದ್ದಾನೆ. ದಸರಾಕ್ಕೆ ಬರ್ತೀಯಲ್ಲ, ಇದ್ದರೆ ತಗೊಂಡು ಬಾ. ಅರಸು ರಸ್ತೆಯಲ್ಲಿ ಆ ತುದಿಯಿಂದ ಈ ತುದಿವರೆಗೂ ನಡೆಯೋಣ, ಅವನ ನಾಲ್ಕು ಜನರನ್ನೂ ಕರೆಸುತ್ತೇನೆ. ಪಿನ್ನು ನಮ್ಮಮ್ಮನ ಬಳೆಯಲ್ಲೂ ಇವೆ, ಈಗಲೇ ಎಣಿಸಿ ಬಂದೆ. ಒಂಬತ್ತು. ಮಿಕ್ಕ ನಾಲ್ಕು ನಿಮ್ಮಮ್ಮನನ್ನು ಕೇಳು.

ನಿನ್ನ,
ಮೂರನೇ ಇಡ್ಲಿ