ಹಾರದ ಜೊತೆಗೆ ನೋಂದಣಿಯ ದಾರಿಯನ್ನೂ ತೋರಿಸಿ

ಮಾನ್ಯರೇ,

ಹಳ್ಳಿಯ ಯುವಕನೊಬ್ಬ ಸ್ವಂತ ಬುದ್ಧಿಯಿಂದ ಪುಟ್ಟ ವಿಮಾನ ತಯಾರಿಸಿದ ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಊರವರು ಹಾರ ಹಾಕುತ್ತಾರೆ, ಮುಖಂಡರು ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ವಿಮಾನ ನೋಂದಣಿಯಾಗಿದೆಯೇ, ಹಾರಿಸುವವನಿಗೆ ಪರವಾನಗಿ ಇದೆಯೇ ಎಂಬ ಒಂದು ಸಾಲನ್ನು ಮಾತ್ರ ನಾನು ಓದಿದ ಯಾವ ವರದಿಯಲ್ಲೂ ಕಂಡಿಲ್ಲ. ಬೆಂಗಳೂರಿನ ಜಕ್ಕೂರು ವಿಮಾನನೆಲೆಯಲ್ಲಿ ಮೈಕ್ರೋಲೈಟ್ ಎಂಬ ಹಗುರ ವಿಮಾನಗಳ ದುರಸ್ತಿ ಕೆಲಸ ಮಾಡಿಯೇ ನಿವೃತ್ತನಾದ ನನಗೆ ಇದು ಸಣ್ಣ ಲೋಪವೆನಿಸುವುದಿಲ್ಲ.

ಈಚೆಗೆ ಬಂದ ಅಂಥ ಒಂದು ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದೆ. ರೆಕ್ಕೆಯ ಆಸರೆ ಕೊಳವೆ ಒಡಲಿಗೆ ಸೇರುವ ಜಾಗದಲ್ಲಿ ಬೋಲ್ಟಿಗೆ ಬರಿಯ ನಟ್ಟು ಬಿಗಿದಿತ್ತು. ನಟ್ಟು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ಇಲ್ಲ, ಲಾಕ್ ವೈರ್ ಇಲ್ಲ. ಎಂಜಿನ್ನಿನ ನಡುಕಕ್ಕೆ ಅಂಥ ನಟ್ಟು ಯಾರಿಗೂ ಹೇಳದೆ ಸಡಿಲವಾಗುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ನಾವು ಮೊದಲು ಕಲಿಸುತ್ತಿದ್ದುದೇ ಪಿನ್ನಿನ ಎರಡೂ ಕಾಲು ಸರಿಯಾಗಿ ಮಡಚಿಕೊಂಡಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವುದನ್ನು. ಆಮೇಲೆ, ಟ್ಯಾಂಕಿನ ತಳದಿಂದ ಇಂಧನವನ್ನು ಗಾಜಿನ ಲೋಟಕ್ಕೆ ಇಳಿಸಿ, ಅಡಿಯಲ್ಲಿ ನೀರು ಕೂತಿದೆಯೇ ಎಂದು ಬೆಳಕಿಗೆ ಹಿಡಿಯುವುದನ್ನು. ಕಾಗದಪತ್ರ ಎಂದು ಜನ ಮೂಗು ಮುರಿಯುತ್ತಾರಲ್ಲ, ಅದು ಕೇಳುವುದೂ ಇದನ್ನೇ. ಆ ಪಿನ್ನನ್ನು ಹಾಕಿದವನಲ್ಲದೆ ಇನ್ನೊಬ್ಬರು ನೋಡಿ ಸಹಿ ಹಾಕಿರಬೇಕು.

ನಿಯಮ ಇಲ್ಲವೆಂದೇನಿಲ್ಲ. ಹೆಚ್ಚೆಂದರೆ ಎರಡು ಸೀಟಿನ, 450 ಕಿಲೋ ಮೀರದ ವಿಮಾನ ಮೈಕ್ರೋಲೈಟ್. ಅದಕ್ಕಿಂತ ಭಾರವಾದ, 600 ಕಿಲೋವರೆಗಿನದು ಲೈಟ್ ಸ್ಪೋರ್ಟ್ ವಿಮಾನ. ಎರಡನ್ನೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ, ಅಂದರೆ ಡಿಜಿಸಿಎಯಲ್ಲಿ ನೋಂದಾಯಿಸಿ, 'ವಿಟಿ' ಎಂದು ಆರಂಭವಾಗುವ ಗುರುತು ಪಡೆಯಬೇಕು. ಗುರುತು ಸಿಕ್ಕಿದ ಮಾತ್ರಕ್ಕೆ ಹಾರುವಂತಿಲ್ಲ. ಕಾರಿಗೆ ಆರ್‌ಸಿ, ಎಫ್‌ಸಿ, ಡಿಎಲ್ ಬೇರೆ ಬೇರೆ ಇರುವಂತೆ ಇಲ್ಲಿಯೂ ಹಾರಾಟ ಯೋಗ್ಯತೆಯ ಅನುಮತಿ ಬೇರೆ, ಪೈಲಟ್ ಪರವಾನಗಿ ಬೇರೆ. ವಿಮೆಯೂ ಬೇಕು. ಜಕ್ಕೂರಿನ ಪಕ್ಕದಲ್ಲೇ ಯಲಹಂಕ ವಾಯುನೆಲೆ ಇದೆ, ಆಚೆ ಕೆಂಪೇಗೌಡ ವಿಮಾನ ನಿಲ್ದಾಣವಿದೆ. ಆಕಾಶ ಖಾಲಿ ಕಂಡರೂ ಖಾಲಿ ಇರುವುದಿಲ್ಲ. 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಗೊತ್ತಿದ್ದೂ ಅಪಾಯ ತರುವಂತೆ ವಿಮಾನ ಹಾರಿಸಿದರೆ ಅದರಲ್ಲಿ ಜೈಲು ಶಿಕ್ಷೆಗೂ ಅವಕಾಶವಿದೆ. ಹಾರ ಹಾಕಿದವರು ಆಗ ಜಾಮೀನಿಗೆ ಬರುತ್ತಾರೋ ಇಲ್ಲವೋ.

ಹಾಗೆಂದು ಎಲ್ಲ ತಪ್ಪನ್ನೂ ಹುಡುಗರ ಮೇಲೆ ಹೊರಿಸಲಾರೆ. ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಅನುಮತಿ ಸಿಕ್ಕಿದ್ದು 2019ರಲ್ಲಿ. ವೃತ್ತಿಪರ ಪೈಲಟ್‌ಗೇ ಇಷ್ಟು ಅಲೆದಾಟವಾದರೆ ಐಟಿಐ ಓದಿದ ಹುಡುಗ ಯಾವ ಬಾಗಿಲು ತಟ್ಟಬೇಕು? ನೇರ ದಾರಿಯಲ್ಲಿ ನಡೆದು ಗೆದ್ದವರು ನಮ್ಮ ಊರಿನಲ್ಲೇ ಇದ್ದಾರೆ. ಬೆಂಗಳೂರಿನ ರಾಜ್ ಹಂಸ ಸಂಸ್ಥೆ ತಯಾರಿಸಿದ ಎಕ್ಸ್-ಏರ್ ಎಂಬ ಹಗುರ ವಿಮಾನಗಳು ಅಮೆರಿಕ, ಯುರೋಪ್‌ಗಳಲ್ಲಿ ಕಾನೂನುಬದ್ಧವಾಗಿ ಹಾರಿವೆ.

ಡಿಜಿಸಿಎಗೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿ ಇದೆ. ಕಟ್ಟುವ ಮೊದಲು ಯಾರನ್ನು ಕೇಳಬೇಕು, ಯಾವ ಅರ್ಜಿ ಹಾಕಬೇಕು, ತಪಾಸಣೆಗೆ ಯಾರು ಬರುತ್ತಾರೆ ಎಂಬುದನ್ನು ಅದು ಕನ್ನಡದಲ್ಲಿ ನಾಲ್ಕು ಪುಟ ಅಚ್ಚು ಹಾಕಿಸಿ ಐಟಿಐ, ಪಾಲಿಟೆಕ್ನಿಕ್‌ಗಳಿಗೆ ಕಳಿಸಲಿ. ತಮ್ಮ ಪತ್ರಿಕೆಯೂ ಇಂಥ ಸುದ್ದಿಯ ಕೆಳಗೆ ಆ ವಿವರವನ್ನು ಚೌಕಟ್ಟಿನಲ್ಲಿ ಹಾಕಲಿ. ಬರೆದುಕೊಡಲು ನಾನು ಸಿದ್ಧನಿದ್ದೇನೆ.

– ನಿವೃತ್ತ ವಿಮಾನ ತಂತ್ರಜ್ಞ, ಯಲಹಂಕ ಉಪನಗರ, ಬೆಂಗಳೂರು